ಲಾರಿ ಎಲ್ಲಿ ಹೋಯಿತು?

ಲಾರಿಯೊಂದು ಮಡಚಿಕೊಂಡು, ತಿರುಚಿಕೊಂಡು, ರೋಬೋ ಆಗಿ ಎದ್ದು ನಿಂತ ಮೇಲೆ ಆ ಲಾರಿ ಎಲ್ಲಿ ಹೋಯಿತು? ಮಕ್ಕಳ ಪ್ರಶ್ನೆ ಎಂದು ತಳ್ಳಿಹಾಕಬಹುದು. ಆದರೆ ಅದೇ ಆಟಿಕೆಗೆ ಬೆಲೆ ಕಟ್ಟಲು ಕೂತಾಗ ಪ್ರಶ್ನೆ ಅಷ್ಟು ಸಲೀಸಾಗಿ ಬಿಡುವುದಿಲ್ಲ. ರೂಪ ಬದಲಿಸುವುದೇ ಒಂದು ವಸ್ತುವಿನ ಕಸುಬಾದರೆ ಅದನ್ನು ಯಾವ ರೂಪದಲ್ಲಿ ನಿಲ್ಲಿಸಿ ತೂಗಬೇಕು? ಬೆಲೆ ಇಳಿಯಬಾರದೆಂದು ಒಂದೇ ರೂಪದಲ್ಲಿ ಬೀಗ ಹಾಕಿಟ್ಟರೆ ನಾವು ಬೆಲೆ ಕಟ್ಟುತ್ತಿರುವುದು ಯಾವುದಕ್ಕೆ?

ಈ ತಲೆಹರಟೆಯನ್ನು ನನಗೆ ಅಂಟಿಸಿದವನು ದಾವಣಗೆರೆಯ ಪಿ.ಜೆ. ಬಡಾವಣೆಯ ಗೆಳೆಯ. ಡಿಗ್ರಿಯಲ್ಲಿ ಸಹಪಾಠಿ, ಈಗ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುತ್ತಾನೆ. ಅವನ ಕೋಣೆಯ ಗಾಜಿನ ಬೀರುವಿನಲ್ಲಿ ಮೂವತ್ತಕ್ಕೂ ಹೆಚ್ಚು ಟ್ರಾನ್ಸ್‌ಫಾರ್ಮರ್ಸ್ ರೋಬೋಗಳಿವೆ. ಆರು ಇನ್ನೂ ಡಬ್ಬಿ ಒಡೆಯದವು. ಅವುಗಳಿಗೆಲ್ಲ ಒಂದು ನೋಟ್‌ಬುಕ್ ಇದೆ. ಬಣ್ಣ, ಕೀಲು, ಬಿಡಿಭಾಗ, ಡಬ್ಬಿ ಎಂದು ನಾಲ್ಕು ಕಾಲಂ, ಒಂದೊಂದಕ್ಕೂ ಹತ್ತರಲ್ಲಿ ಅಂಕ. ನಾನು ಜೈನ ತರ್ಕದ ಬಗ್ಗೆ ಪಿಎಚ್.ಡಿ. ಮಾಡುತ್ತಿರುವುದು ಅವನಿಗೆ ಸದಾ ತಮಾಷೆಯ ವಿಷಯ. “ನಿನ್ನ ಶಾಸ್ತ್ರದ ಪ್ರಕಾರ ಇದಕ್ಕೆಷ್ಟು ಮಾರ್ಕ್ಸ್ ಕೊಡ್ತೀಯ ಹೇಳು” ಎಂದು ಒಂದು ಕೆಂಪು ಲಾರಿಯನ್ನು ನನ್ನ ಕೈಗಿಟ್ಟ.

ನಮ್ಮ ಪೀಳಿಗೆಗೆ ಈ ಜಾತಿಯ ಆಟಿಕೆ ಪರಿಚಯವಾದದ್ದು ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯಲ್ಲಿ. ಹಗುರ ಪ್ಲಾಸ್ಟಿಕ್ಕಿನ ನಕಲುಗಳವು. ನಾಲ್ಕು ಸಲ ತಿರುಗಿಸಿದರೆ ಕೈ ಕಿತ್ತು ಬರುತ್ತಿತ್ತು. ಅಸಲಿಯ ಕಥೆ ಬೇರೆ. ಜಪಾನಿನ ಟಕಾರಾ ಕಂಪನಿ 1980ರಲ್ಲಿ ಡಯಾಕ್ಲೋನ್ ಎಂಬ ಆಟಿಕೆಗಳ ಸಾಲನ್ನು ಶುರುಮಾಡಿತು. ಅವುಗಳಲ್ಲಿ ರೋಬೋ ಎಂದರೆ ವಾಹನವಷ್ಟೇ. ಒಳಗೆ ಕೂತು ಓಡಿಸಲು ಪುಟ್ಟ ಮನುಷ್ಯನೊಬ್ಬನಿರುತ್ತಿದ್ದ. ಅಮೆರಿಕದ ಹ್ಯಾಸ್‌ಬ್ರೋ ಆ ಅಚ್ಚುಗಳನ್ನೇ ತಂದು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂದು ಮಾರಿದಾಗ ಚಾಲಕ ಮಾಯವಾದ. ಮಾರ್ವೆಲ್ ಕಾಮಿಕ್ಸ್‌ನವರು ರೋಬೋಗಳಿಗೆ ಹೆಸರು, ಸ್ವಭಾವ, ಜಗಳ ಎಲ್ಲ ಕೊಟ್ಟರು. ಹಾಗೆ ಕೆಂಪು ಲಾರಿಗೆ ಆಪ್ಟಿಮಸ್ ಪ್ರೈಮ್ ಎಂಬ ಹೆಸರು ಬಂತು. ಅಚ್ಚು ಅದೇ, ತಿರುಪು ಅದೇ. ನಿನ್ನೆಯವರೆಗೆ ಯಾರೋ ಓಡಿಸುತ್ತಿದ್ದ ವಸ್ತು ಇವತ್ತು ತಾನೇ ಒಂದು ಜೀವ. ರೋಬೋ ಒಂದು ಸಲವೂ ಮಡಚಿಕೊಳ್ಳದೆಯೇ ಆದ ಈ ರೂಪಾಂತರವೇ ಎಲ್ಲಕ್ಕಿಂತ ದೊಡ್ಡದು ಎಂದು ನನಗನ್ನಿಸುತ್ತದೆ; ನೋಟ್‌ಬುಕ್ಕಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಗೆಳೆಯ ನನ್ನ ಕೈಗಿಟ್ಟದ್ದು ಸಂಗ್ರಾಹಕರಿಗೆಂದೇ ಬರುವ ‘ಮಾಸ್ಟರ್‌ಪೀಸ್’ ಸಾಲಿನದು. ಆ ಸಾಲು 2003ರಲ್ಲಿ ಆಪ್ಟಿಮಸ್ ಪ್ರೈಮ್‌ನಿಂದಲೇ ಶುರುವಾಯಿತು. ಇವನ ಬಳಿ ಇರುವುದು 2011ರಲ್ಲಿ ಬಂದ ಎರಡನೇ ವಿನ್ಯಾಸ. ನೋಡುವ ಕ್ರಮವನ್ನೂ ಅವನೇ ಹೇಳಿಕೊಟ್ಟ. ಲಾರಿಯಾಗಿದ್ದಾಗ ರೋಬೋದ ಸುಳಿವು ಹೊರಗೆ ಕಾಣಬಾರದು. ರೋಬೋ ಆದಾಗ ಲಾರಿಯ ಬಾಗಿಲು, ಚಕ್ರಗಳು ಬೆನ್ನಿನ ಮೇಲೆ ಮೂಟೆಯ ಹಾಗೆ ನೇತಾಡಬಾರದು. ಇಂಥ ಮೂಟೆಗೆ ಸಂಗ್ರಾಹಕರು ‘ಕಿಬಲ್’ ಎನ್ನುತ್ತಾರೆ. ಒಂದು ತುಂಡನ್ನು ಕಿತ್ತು ಬೇರೆ ಕಡೆ ಸಿಕ್ಕಿಸುವ ಹಾಗಿದ್ದರೆ ಅದು ಮೋಸ. 1984ರ ಪ್ರೈಮ್‌ಗೆ ಮುಷ್ಟಿಗಳೇ ಬೇರೆ ತುಂಡುಗಳಾಗಿದ್ದವು, ಹಳೆಯವುಗಳಲ್ಲಿ ಎಷ್ಟೋ ರೋಬೋಗಳು ಇವತ್ತು ಮುಷ್ಟಿ ಕಳೆದುಕೊಂಡು ನಿಂತಿವೆ. ಇನ್ನು ಕೀಲು: ಸೊಂಟ, ಭುಜಗಳನ್ನು ತಿರುಗಿಸಿದರೆ ಒಳಗಿನ ಹಲ್ಲು ‘ಕಟ್ ಕಟ್’ ಎಂದು ಹಿಡಿಯಬೇಕು, ನಿಲ್ಲಿಸಿದಲ್ಲಿ ನಿಲ್ಲಬೇಕು.

ಇಷ್ಟರವರೆಗೆ ಒಪ್ಪುವ ಮಾತೇ. ಆದರೆ ಹೀಗೆ ಪರೀಕ್ಷಿಸಬೇಕೆಂದರೆ ತಿರುಗಿಸಬೇಕು, ತಿರುಗಿಸಿದಷ್ಟೂ ಬಣ್ಣ ಉಜ್ಜಿ ಕೀಲು ಸವೆಯುತ್ತದೆ. ಚೆನ್ನಾಗಿ ತಿರುಗುತ್ತದೆ ಎಂದು ತಿಳಿದುಕೊಳ್ಳುವುದಕ್ಕೆ ಅದರ ಬೆಲೆಯನ್ನೇ ಸ್ವಲ್ಪ ಖರ್ಚು ಮಾಡಬೇಕು. ಆದ್ದರಿಂದಲೇ ಡಬ್ಬಿ ಒಡೆಯದ್ದಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಅಮೆರಿಕದಲ್ಲಿ ಇಂಥವನ್ನು ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆಯೊಳಗೆ ಮುಚ್ಚಿ ನೂರಕ್ಕಿಷ್ಟು ಎಂದು ಅಂಕ ಅಂಟಿಸಿಕೊಡುವ ಸಂಸ್ಥೆಗಳೇ ಇವೆ. ಅತಿ ಹೆಚ್ಚು ಅಂಕ ಬರುವುದು ಯಾರೂ ಒಮ್ಮೆಯೂ ಆಡದ ಆಟಿಕೆಗೆ. (ನಮ್ಮ ಪ್ರಬಂಧಗಳಿಗೂ ಈ ಪದ್ಧತಿ ಬಂದರೆ ಗ್ರಂಥಾಲಯದಲ್ಲಿ ಯಾರೂ ತೆರೆಯದವಕ್ಕೇ ಪ್ರಶಸ್ತಿ.)

ಸಮಂತಭದ್ರನ ‘ಆಪ್ತಮೀಮಾಂಸೆ’ಯಲ್ಲಿ ಒಂದು ದೃಷ್ಟಾಂತವಿದೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಲಾಗುತ್ತದೆ. ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಒಂದೇ ಗಳಿಗೆ, ಒಂದೇ ಘಟನೆ, ಮೂರು ಮನಸ್ಸು. ಮೂವರ ಭಾವಕ್ಕೂ ಕಾರಣವಿದೆ, ಆದ್ದರಿಂದ ವಸ್ತುವಿನಲ್ಲೇ ಹುಟ್ಟು, ಅಳಿವು, ಉಳಿವು ಮೂರೂ ಒಟ್ಟಿಗೆ ಇವೆ ಎಂಬುದು ವಾದ. ಉತ್ಪಾದ, ವ್ಯಯ, ಧ್ರೌವ್ಯ ಎಂದು ಜೈನರು ಹೇಳುವುದು ಇದನ್ನೇ. ಇದನ್ನು ಹೇಳಿದಾಗ ಗೆಳೆಯ ಖುಷಿಯಾದ. “ಹಾಗಾದ್ರೆ ನಾನು ಮೂರನೆಯವನು. ಲಾರಿಯಾದರೂ ಸರಿ, ರೋಬೋ ಆದರೂ ಸರಿ, ವಸ್ತು ಉಳೀಬೇಕು.”

ನನಗೆ ಅದು ಸರಿ ಕಾಣಲಿಲ್ಲ. ಚಿನ್ನ ಬೇಕಿದ್ದವನು ಸಮಾಧಾನದಿಂದ ಇರುವುದು ಕೊಡ ಕರಗುವುದನ್ನು ಕಣ್ಣಾರೆ ನೋಡುತ್ತಲೇ. ಬೀರುವಿಗೆ ಬೀಗ ಹಾಕಿದವನ ಸಮಾಧಾನ ಆ ಬಗೆಯದಲ್ಲ, ಏನೂ ಬದಲಾಗದಂತೆ ನೋಡಿಕೊಂಡು ಪಡೆದದ್ದು. ಅದಲ್ಲದೆ ಸಮಂತಭದ್ರನ ಕಥೆಯಲ್ಲಿ ಒಬ್ಬ ಮಾತಾಡುವುದೇ ಇಲ್ಲ: ಅಕ್ಕಸಾಲಿಗ. ಕೊಡವನ್ನು ಕಿರೀಟ ಮಾಡುವ ಕೆಲಸವೇ ಬೇಕಾದ ನಾಲ್ಕನೆಯವನು ಅವನು. ಆ ಮನೆಯಲ್ಲಿ ಅಂಥವಳೊಬ್ಬಳಿದ್ದಾಳೆ, ಗೆಳೆಯನ ಅಣ್ಣನ ಮಗಳು, ಐದು ವರ್ಷ. ಗಾಜಿಗೆ ಮೂಗು ಒತ್ತಿ ನಿಂತು “ಚಿಕ್ಕಪ್ಪ, ಇದು ಏನಾಗುತ್ತೆ?” ಎಂದು ಅವಳು ಕೇಳಿದ್ದು ಮೇಲಿನ ಅರೆಯಲ್ಲಿದ್ದ ಬಂಗಾರದ ಬಣ್ಣದ ರೋಬೋ ತೋರಿಸಿ. “ಕಾರಾಗುತ್ತೆ. ಆದ್ರೆ ಮಾಡಲ್ಲ” ಎಂದ ಅವನು.

ಅವನು ಜಿಪುಣತನದಿಂದ ಹಾಗೆ ಹೇಳಲಿಲ್ಲ. ಎಂಬತ್ತರ ದಶಕದ ಕೊನೆಯಿಂದ ಕೆಲವು ವರ್ಷ ಲೋಹದ ಹೊಳಪಿನ ಹುಡಿ ಬೆರೆಸಿದ ಬಂಗಾರದ ಬಣ್ಣದ ಪ್ಲಾಸ್ಟಿಕ್ಕನ್ನು ಕೆಲವು ರೋಬೋಗಳಿಗೆ ಬಳಸಿದ್ದರು. ವರ್ಷ ಕಳೆದಂತೆ ಆ ಪ್ಲಾಸ್ಟಿಕ್ ಹಪ್ಪಳದ ಹಾಗಾಗುತ್ತದೆ, ಕೀಲು ತಿರುಗಿಸಿದರೆ ಪುಡಿಪುಡಿ. ಸಂಗ್ರಾಹಕರು ಇದನ್ನು ‘ಗೋಲ್ಡ್ ಪ್ಲಾಸ್ಟಿಕ್ ಸಿಂಡ್ರೋಮ್’ ಎಂದು ಕಾಯಿಲೆಯ ಹೆಸರಿಟ್ಟೇ ಕರೆಯುತ್ತಾರೆ. ಡಬ್ಬಿಯೊಳಗೇ ಇಟ್ಟರೂ ಅದು ಬಿಡುವುದಿಲ್ಲ. ಹಾಗಾದರೆ ಗೆಳೆಯನ ರೋಬೋದೊಳಗೆ ಕಾರು ಇದೆಯೋ ಇಲ್ಲವೋ? ಕಾರ್ಯವು ಕಾರಣದಲ್ಲಿ ಮೊದಲೇ ಇರುತ್ತದೆ, ಎಳ್ಳಿನಲ್ಲಿ ಎಣ್ಣೆ ಇದ್ದ ಹಾಗೆ, ಎನ್ನುತ್ತದೆ ಸಾಂಖ್ಯ. ಇಲ್ಲ, ಮಡಕೆ ಆಗುವವರೆಗೆ ಮಡಕೆ ಇಲ್ಲ ಎನ್ನುತ್ತದೆ ನ್ಯಾಯ. ತರಗತಿಯಲ್ಲಿ ಸಾಂಖ್ಯದ ಪರ ವಾದಿಸುವುದು ನನಗೆ ಸುಲಭ. ಆ ಬಂಗಾರದ ರೋಬೋದ ಮುಂದೆ ಮಾತ್ರ ನಾನು ನ್ಯಾಯದ ಕಡೆ. ಹೊರಗೆ ಬರಲು ದಾರಿಯೇ ಇಲ್ಲದ ಕಾರನ್ನು ಒಳಗಿದೆ ಎಂದು ಹೇಳಿ ಏನು ಪ್ರಯೋಜನ?

ಕೆಂಪು ಲಾರಿಯ ಎಡಗಾಲಿನ ಕೀಲು ಸ್ವಲ್ಪ ಸಡಿಲ ಎಂಬ ಅನುಮಾನ ಗೆಳೆಯನಿಗಿತ್ತು. ಅವನ ಸೋದರಮಾವ ಹರಿಹರದಲ್ಲಿದ್ದಾರೆ, ಟರ್ನರ್ ಆಗಿ ದುಡಿದವರು. ಒಂದು ಭಾನುವಾರ ಅವರಿಗೆ ತೋರಿಸಲು ಹೊರಟೆವು. ದಾವಣಗೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ. ಮೊದಲು ಹರಿಹರೇಶ್ವರನ ದರ್ಶನ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ. ಬಲಕ್ಕೆ ಹರ, ಎಡಕ್ಕೆ ಹರಿ, ಒಂದೇ ಮೂರ್ತಿ. ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂಬ ವರವಿತ್ತಂತೆ. ಅದಕ್ಕೇ ಇಬ್ಬರೂ ಒಂದಾಗಿ ಬಂದರು ಎನ್ನುವುದು ಸ್ಥಳಪುರಾಣ. ‘ಇದೂ ಎರಡು ಮೋಡ್ ಇರೋ ದೇವರೇ’ ಎಂದು ಗೆಳೆಯ ಪಿಸುಗುಟ್ಟಿದ. ಹೋಲಿಕೆ ಚಂದ, ಆದರೆ ನಿಲ್ಲುವುದಿಲ್ಲ. ಅಲ್ಲಿ ಒಂದು ಬರಲು ಇನ್ನೊಂದು ಮರೆಯಾಗಬೇಕಿಲ್ಲ, ಎರಡೂ ನಮ್ಮ ಕಣ್ಣೆದುರಿಗೇ ಇವೆ. ಆಟಿಕೆಯಲ್ಲಿ ಒಂದು ಕಂಡರೆ ಇನ್ನೊಂದು ಅಡಗಿರುತ್ತದೆ, ಅದನ್ನು ಹೊರತರಲು ಯಾರದಾದರೂ ಕೈ ಬೇಕು. ಪೂಜೆಗೆ ಮುಟ್ಟದೆ ದೂರ ನಿಲ್ಲುವುದು ಸರಿಹೊಂದುತ್ತದೆ. ಆಟಿಕೆಗೂ ಅದನ್ನೇ ಮಾಡಿದರೆ ಅದು ಭಕ್ತಿಯೋ ಭಯವೋ ಗೊತ್ತಾಗುವುದಿಲ್ಲ.

ಹಾಗೆಂದು ಡಬ್ಬಿ ಒಡೆಯದವರನ್ನು ಹೀಗಳೆಯಲಾರೆ. 1984ರ ಡಬ್ಬಿ ಹೇಗಿತ್ತು, ಅದರ ಮೇಲಿನ ಚಿತ್ರ ಹೇಗಿತ್ತು ಎಂದು ಇವತ್ತು ಕಣ್ಣಾರೆ ನೋಡಲು ಸಾಧ್ಯವಿರುವುದು ಯಾರೋ ಕೆಲವರು ಆಸೆ ತಡೆದುಕೊಂಡದ್ದರಿಂದ. ತಾಳೆಗರಿಯ ಮೇಲೆ ಕೆಲಸ ಮಾಡುವ ನಾನು ಆ ಋಣ ಮರೆಯಬಾರದು. ಆದರೆ ತಾಳೆಗರಿಯನ್ನು ಕಾಯ್ದಿಡುವುದು ಒಂದಲ್ಲ ಒಂದು ದಿನ ಯಾರಾದರೂ ಓದಲಿ ಎಂದು.

ಮಾವನವರು ಲಾರಿಯನ್ನು ಕನ್ನಡಕ ಏರಿಸಿ ನೋಡಿದರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಿಂದಾಗಿ ಲೇತ್‌ಗಳ ಊರೆಂದೇ ಹೆಸರಾಗಿದ್ದ ಹರಿಹರದಲ್ಲಿ ಬದುಕು ಸವೆಸಿದವರು. ಬೆರಳಿಗೇ ಅಳತೆ ಗೊತ್ತು. ಕೈಪಿಡಿ ಬೇಡವೆಂದರು. ಬಾಗಿಲು ಬಿಚ್ಚಿಕೊಂಡು, ತಲೆ ಅರ್ಧ ಎದೆಯೊಳಗಿದ್ದು, ಅತ್ತ ಲಾರಿಯೂ ಅಲ್ಲದ ಇತ್ತ ರೋಬೋವೂ ಅಲ್ಲದ ಒಂದು ಹಂತದಲ್ಲಿ ನಿಲ್ಲಿಸಿ ಬಹಳ ಹೊತ್ತು ಹಾಗೇ ತಿರುಗಿಸಿ ನೋಡಿದರು. ಯಾವ ಡಬ್ಬಿಯ ಮೇಲೂ ಅಚ್ಚಾಗದ, ಯಾರೂ ಅಂಕ ಕೊಡದ ರೂಪ ಅದು. “ಕೆಲಸ ಇರೋದು ಇಲ್ಲಿ ನೋಡವ್ವ” ಎಂದರು ನನಗೆ. “ಇದನ್ನ ಮಾಡಿದೋನು ಭಾಳ ತಲೆ ಕೆಡಿಸ್ಕೊಂಡಾನೆ.” ಕಾಲಿನ ಕೀಲನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ತಿರುಗಿಸಿ, “ಹಲ್ಲು ಸವೆದಿಲ್ಲ, ಸ್ಕ್ರೂ ಒಂಚೂರು ಬಿಗಿ ಮಾಡಿದ್ರೆ ಆತು. ಮೆಶೀನ್ ಓಡಿದ್ರೆ ಸವೀತೈತಿ, ನಿಂತ್ರೆ ತುಕ್ಕು ಹಿಡೀತೈತಿ. ನಿನಗ್ಯಾವ್ದು ಬೇಕು ಅಂತ ನೀನೇ ನೋಡ್ಕೋ” ಎಂದು ಅಳಿಯನ ಕೈಗೆ ಕೊಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಐದನೇ ಕಾಲಂ ಒಂದನ್ನು ಸೂಚಿಸಿದೆ: ಕೊನೆಯ ಸಲ ತಿರುಗಿಸಿದ್ದು ಯಾವಾಗ, ಯಾರು. ಅದಕ್ಕೆ ಅಂಕ ಹೇಗೆ ಕೊಡೋದು ಎಂದು ಅವನು ತಕರಾರು ತೆಗೆದ. ಅಂಕ ಬೇಡ, ಬರೆದಿಟ್ಟರೆ ಸಾಕು ಎಂದೆ. ಹೋದ ವಾರ ನೋಟ್‌ಬುಕ್ ನೋಡಿದೆ. ಆ ಆರು ಡಬ್ಬಿಗಳ ಎದುರು ಅಡ್ಡಗೆರೆ ಎಳೆದಿದ್ದಾನೆ. ಬಂಗಾರದ ರೋಬೋದ ಎದುರು ‘ನನ್ನ ಕೈಗೆ ಬರುವ ಮುಂಚೆ’ ಎಂದಿದೆ. ಕೆಂಪು ಲಾರಿಯ ಸಾಲಿನಲ್ಲಿ ಅಣ್ಣನ ಮಗಳ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ಬಲಗಡೆ ಕಿಟಕಿಯ ಹತ್ತಿರ ಬಣ್ಣ ಸ್ವಲ್ಪ ಹೋಗಿದೆ.