ಕಲ್ಪಿತಲೋಕಗಳ ಜೀರ್ಣೋದ್ಧಾರ

ಹಳೆಯ ದೇವಾಲಯವು ಶಿಥಿಲವಾದಾಗ ಅದನ್ನು ಸರಿಪಡಿಸುವುದಕ್ಕೆ ಆಗಮಗಳು ಒಂದು ಕ್ರಮವನ್ನು ವಿಧಿಸಿವೆ. ಶಿಲ್ಪಿಯ ಉಳಿ ಗರ್ಭಗುಡಿಯನ್ನು ಮುಟ್ಟುವುದಕ್ಕೆ ಮೊದಲು ಬಿಂಬದಲ್ಲಿರುವ ದೈವಕಲೆಯನ್ನು ಮಂತ್ರಪೂರ್ವಕವಾಗಿ ಕಲಶಕ್ಕೆ ಆಕರ್ಷಿಸಿ, ಬಾಲಾಲಯವೆಂಬ ತಾತ್ಕಾಲಿಕವಾದ ಗುಡಿಯಲ್ಲಿ ಇರಿಸುವರು. ಪೂಜೆ ಅಲ್ಲಿ ನಡೆಯುತ್ತಿರುವುದು. ಕೆಲಸ ಮುಗಿದ ಮೇಲೆ ಆ ಕಲೆಯನ್ನು ಸ್ವಸ್ಥಾನದಲ್ಲಿ ಮರಳಿ ಪ್ರತಿಷ್ಠಿಸುವರು. ಈ ವಿಧಿಯಲ್ಲಿ ಶ್ರದ್ಧೆಯುಳ್ಳವರಿಗೂ ಇಲ್ಲದವರಿಗೂ ಸಮಾನವಾಗಿ ಗ್ರಾಹ್ಯವಾದ ವಿವೇಕವೊಂದುಂಟು. ಯಾವುದನ್ನು ಉಳಿಸಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಯಾವುದನ್ನು ಬದಲಿಸಬಹುದೆಂಬ ಆಲೋಚನೆ ಆಮೇಲಿನದು. ಕಲ್ಲಿನ ಗುಡಿಗೆ ಸಲ್ಲುವ ಈ ನ್ಯಾಯವು ಮಾತಿನಿಂದ ಕಟ್ಟಿದ ಲೋಕಗಳಿಗೂ ಸಲ್ಲುವುದೇ, ಸಲ್ಲುವುದಾದರೆ ಅಲ್ಲಿ ಉಳಿಸತಕ್ಕ ಕಲೆ ಯಾವುದು ಎಂಬುದು ಪ್ರಕೃತ ವಿಚಾರ.

ಈ ವಿಚಾರಕ್ಕೆ ನಿಮಿತ್ತವಾದುದು ಒಂದು ಆಟ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ 1974ರಲ್ಲಿ ಪ್ರಕಟವಾಯಿತು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸುವರು. ಒಬ್ಬನು ಸೂತ್ರಧಾರನಾಗಿ ಸನ್ನಿವೇಶವನ್ನು ವರ್ಣಿಸುವನು. ತಾವು ಮಾಡುವುದೇನೆಂಬುದನ್ನು ಪಾತ್ರಧಾರಿಗಳು ಹೇಳುವರು. ಸಂಶಯ ಬಂದಲ್ಲಿ ದಾಳ ಉರುಳಿ ಫಲವನ್ನು ನಿರ್ಣಯಿಸುವುದು. ಕಥೆ ನಡೆಯುವ ಲೋಕದ ಭೂಗೋಳ, ರಾಜವಂಶ, ದೇವತೆಗಳು, ಪೂರ್ವವೃತ್ತಾಂತ ಇವೆಲ್ಲವೂ ಬೇರೆ ಗ್ರಂಥಗಳಲ್ಲಿ ವಿಸ್ತಾರವಾಗಿ ಬರೆದಿರುವುವು. ಜಗಲಿಯ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು ಕವಡೆ ಹಾಕಿದ ಅಜ್ಜಿಯರ ಮೊಮ್ಮಕ್ಕಳು ಈಗ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಮನೆಗಳಲ್ಲಿ ರಜೆಯ ಮಧ್ಯಾಹ್ನ ಈ ಆಟಕ್ಕೆ ಕೂರುವುದುಂಟು. ಹಿಂದೆ ಪ್ರಕಟವಾಗಿ ಮರೆಗೆ ಸಂದ ಅಂಥ ಲೋಕಗಳನ್ನು ಪ್ರಕಾಶಕರು ಮತ್ತೆ ಹೊರತರುವಾಗ, ಹೊಸದು ಹಳೆಯದಕ್ಕೆ ಯೋಗ್ಯವೇ ಎಂಬ ವಾದ ಹುಟ್ಟುವುದು ಸಹಜ.

ಕನ್ನಡಿಗರಿಗೆ ಈ ಬಗೆಯ ಆಟ ತೀರ ಅಪರಿಚಿತವಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುವರು. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ರಾಮನಾಗಿಯೋ ವಾಲಿಯಾಗಿಯೋ ಆಶುವಾಗಿ ಮಾತನಾಡುವರು. ವಾಲಿವಧೆಯಲ್ಲಿ ವಾಲಿ ಬೀಳತಕ್ಕದ್ದೇ. ಅದನ್ನು ಯಾವ ಅರ್ಥಧಾರಿಯೂ ತಪ್ಪಿಸಲಾರನು. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟುದು ಧರ್ಮವೇ ಎಂದು ಅವನು ಕೇಳುವ ಪ್ರಶ್ನೆ ಆ ರಾತ್ರಿಯ ಸಭೆಯಲ್ಲಿ ಹೊಸದಾಗಿಯೇ ಏಳುವುದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ವಾಲಿಯಾಗಿ ಕುಳಿತಾಗ, ಎದುರಿನ ರಾಮನು ಉತ್ತರವನ್ನು ಕಂಠಪಾಠದಿಂದ ಒಪ್ಪಿಸಿ ಪಾರಾಗುವಂತಿರಲಿಲ್ಲ. ಕಥೆಯ ಅಂತ್ಯ ನಿಶ್ಚಿತವಾಗಿದ್ದರೂ ನ್ಯಾಯದ ನಿರ್ಣಯ ಅನಿಶ್ಚಿತವಾಗಿ ಉಳಿದಿರುವುದರಿಂದಲೇ ಸಾವಿರ ಬಾರಿ ಕೇಳಿದ ಪ್ರಸಂಗವನ್ನು ಜನರು ಮತ್ತೆ ಬೆಳಗಿನವರೆಗೆ ಕೇಳುವರು. ಮೇಜಿನ ಆಟದಲ್ಲಿ ಅಂತ್ಯವೂ ನಿಶ್ಚಿತವಲ್ಲ, ಅಷ್ಟೇ ಭೇದ.

ಪುನರುದ್ಧೃತವಾದ ಲೋಕವನ್ನು ಅಳೆಯುವುದಕ್ಕೆ ಸಾಮಾನ್ಯರು ಹಿಡಿಯುವ ಮೊದಲನೆಯ ಮಾನದಂಡ ಸಾದೃಶ್ಯ. ಹಳೆಯ ಪುಸ್ತಕದಲ್ಲಿದ್ದುದೆಲ್ಲವೂ ಹೊಸದರಲ್ಲಿ ಇದೆಯೇ ಎಂದು ಒಂದೊಂದನ್ನೂ ಒರೆಗೆ ಹಚ್ಚುವುದು. ಈ ಮಾನದಂಡ ಎಲ್ಲಿಗೆ ಒಯ್ಯುವುದೆಂಬುದಕ್ಕೆ ಮೈಸೂರಿನ ಗಂಜೀಫವೇ ಸಾಕ್ಷಿ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳ ರಚನೆಯಲ್ಲಿ ಅಸಾಧಾರಣವಾದ ಆಸಕ್ತಿಯುಳ್ಳವರಾಗಿದ್ದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಆಟಗಳಿಗೆ ಸಂಬಂಧಿಸಿದುದು. ದಶಾವತಾರ ಗಂಜೀಫದಲ್ಲಿ ಅವತಾರಕ್ಕೆ 12ರಂತೆ 120 ಎಲೆಗಳು: ರಾಜ, ಮಂತ್ರಿ, ಒಂದರಿಂದ ಹತ್ತು. ಐದು ಅವತಾರಗಳಲ್ಲಿ ಅಂಕಿಗಳ ಬಲ ಏರುಕ್ರಮ, ಉಳಿದ ಐದರಲ್ಲಿ ಇಳಿಕ್ರಮ. ಹಗಲು ಆಡಿದರೆ ರಾಮನಿಗೆ ಅಗ್ರಸ್ಥಾನ, ಇರುಳಾದರೆ ಕೃಷ್ಣನಿಗೆ. ಗಂಜೀಫ ರಘುಪತಿ ಭಟ್ಟರಂಥ ಕಲಾವಿದರ ತಪಸ್ಸಿನಿಂದ ಈ ಎಲೆಗಳ ಚಿತ್ರಕಲೆ ಮತ್ತೆ ಬೆಳಕು ಕಂಡಿತು. ಅದು ಸ್ತುತ್ಯವಾದ ಸಾಧನೆ. ಆದರೆ ಇಂದು ಎಲೆಗಳು ಬಹುಮಟ್ಟಿಗೆ ಇರುವುದು ಗೋಡೆಯ ಮೇಲೆ, ಗಾಜಿನ ಹಿಂದೆ. ಅವುಗಳನ್ನು ಕೈಯಲ್ಲಿ ಹಿಡಿದು ಆಡಬಲ್ಲವರು ವಿರಳ. ಇದು ಚಿತ್ರಕಾರನ ದೋಷವಲ್ಲ. ಸಾದೃಶ್ಯದಿಂದ ಉಳಿಯುವುದು ನೋಟದ ವಸ್ತುವೇ ಹೊರತು ಆಟವಲ್ಲವೆಂಬುದಷ್ಟೇ ಇಲ್ಲಿ ಗ್ರಹಿಸತಕ್ಕದ್ದು.

ಇನ್ನೊಂದು ಮಾನದಂಡ ನವೀನತೆ. ಕಾಲಕ್ಕೆ ತಕ್ಕಂತೆ ಎಲ್ಲವನ್ನೂ ತಿದ್ದಿ ಹಳೆಯ ಹೆಸರನ್ನು ಮಾತ್ರ ಉಳಿಸಿಕೊಳ್ಳುವುದು. ಇದರ ದೋಷ ಸ್ಪಷ್ಟವಾದುದು. ಹೆಸರಿಗೆ ಅಂಟಿಕೊಂಡ ಸ್ನೇಹವನ್ನು ಕೊಂಡು, ಆ ಸ್ನೇಹಕ್ಕೆ ಕಾರಣವಾದ ವಸ್ತುವನ್ನು ಕೊಡದಿರುವುದು ವ್ಯಾಪಾರದಲ್ಲಿಯೂ ನ್ಯಾಯವಲ್ಲ.

ಹಾಗಾದರೆ ಮೂರನೆಯ ದಾರಿ ಯಾವುದು? 1991ರಲ್ಲಿ ಪ್ರಕಟವಾದ ‘ಡಾರ್ಕ್ ಸನ್’ ಎಂಬ ಲೋಕದ ಚರಿತ್ರೆ ಇದಕ್ಕೆ ಉತ್ತರವನ್ನು ಸೂಚಿಸುವುದು. ಅದರಲ್ಲಿ ಅಥಾಸ್ ಎಂಬ ಭೂಮಿ. ಅಲ್ಲಿ ಮಂತ್ರಪ್ರಯೋಗಕ್ಕೆ ಬೇಕಾದ ಶಕ್ತಿ ಸಸ್ಯಗಳ ಪ್ರಾಣದಿಂದ ಬರುವುದು. ಸಂಯಮಿಯಾದವನು ನೆಲವನ್ನು ಕೆಡಿಸದೆ ಅಲ್ಪವನ್ನು ಪಡೆಯಬಲ್ಲನು. ಆತುರದವನು ಬೇಗನೆ ಬಹಳವನ್ನು ಹೀರಿ ನೆಲವನ್ನು ಬೂದಿ ಮಾಡುವನು. ಯುಗಯುಗಗಳ ಆತುರದಿಂದ ಲೋಕವೆಲ್ಲ ಮರುಭೂಮಿಯಾಗಿದೆ. ಮಾಂತ್ರಿಕ ಅರಸರು ದಾಸರ ಬೆವರಿನಿಂದ ನಗರಗಳನ್ನು ಆಳುತ್ತಿದ್ದಾರೆ. ತನ್ನ ಅಗತ್ಯಕ್ಕಾಗಿ ನೆಲದ ಪ್ರಾಣವನ್ನು ಎಷ್ಟು ಹೀರಬಹುದು ಎಂಬುದು ಆ ಲೋಕವು ಆಟಗಾರನಿಗೆ ಒಡ್ಡುವ ಪ್ರಶ್ನೆ. ನಗರದ ಕೊಳೆಯನ್ನೆಲ್ಲ ಹೊತ್ತು ಕೆಂಗೇರಿಯ ಬಳಿ ಹರಿಯುವ ವೃಷಭಾವತಿಯನ್ನು ಕಂಡವರಿಗೆ ಈ ಪ್ರಶ್ನೆ ಪರದೇಶದ್ದೆನಿಸದು.

ಆ ಲೋಕದ ಮೊದಲ ವರ್ಷಗಳಲ್ಲಿಯೇ ಅದನ್ನು ಕುರಿತ ಕಾದಂಬರಿಗಳು ಹೊರಟವು. ಅವುಗಳ ನಾಯಕರು ಅರಸರನ್ನು ಕೊಂದರು, ಮಹಾಕಾರ್ಯಗಳನ್ನು ಮಾಡಿ ಮುಗಿಸಿದರು. 1995ರ ಪರಿಷ್ಕೃತ ಆವೃತ್ತಿ ಆ ಸಂಗತಿಗಳನ್ನೆಲ್ಲ ಲೋಕದ ಚರಿತ್ರೆಯಾಗಿ ಸೇರಿಸಿಕೊಂಡಿತು. ಗ್ರಂಥ ಸಮೃದ್ಧವಾಯಿತು, ಆದರೆ ಮೇಜಿಗೆ ಬಂದು ಕುಳಿತವನ ಪಾಲಿಗೆ ದೊಡ್ಡ ಕೆಲಸಗಳು ಹೆಚ್ಚಾಗಿ ಉಳಿಯಲಿಲ್ಲ. 2010ರಲ್ಲಿ ಅದೇ ಲೋಕವನ್ನು ಮತ್ತೆ ತಂದವರು ಧೈರ್ಯದ ಕೆಲಸವೊಂದನ್ನು ಮಾಡಿದರು. ಟೈರ್ ಎಂಬ ಒಂದು ನಗರದ ಅರಸನು ಹತನಾಗಿ ಆ ನಗರ ಆಗತಾನೆ ಸ್ವತಂತ್ರವಾದ ಕ್ಷಣಕ್ಕೆ ಕಥೆಯನ್ನು ಹಿಂದಿರುಗಿಸಿದರು. ಉಳಿದ ನಗರಗಳಲ್ಲಿ ದಾಸ್ಯ ಹಾಗೆಯೇ ಇದೆ. ಸ್ವತಂತ್ರವಾದ ಒಂದು ನಗರವೂ ಉಳಿಯುವುದೋ ಇಲ್ಲವೋ ತಿಳಿಯದು. ಹೊಸ ನಿಯಮಗಳಿಗೆ ಒಪ್ಪಿಸುವುದಕ್ಕಾಗಿ ಹಳೆಯ ಪುಸ್ತಕದಲ್ಲಿಲ್ಲದ ಕುಲಗಳು ಸೇರಿದವು. ಸಾದೃಶ್ಯವಾದಿಗಳಿಗೆ ಅದು ರುಚಿಸದಿರಬಹುದು. ಆದರೂ ಮುಖ್ಯವಾದುದರಲ್ಲಿ ಈ ಉದ್ಧಾರ ಸಫಲವಾದುದು. ಪ್ರಶ್ನೆಯನ್ನು ಉಳಿಸಿತು, ಉತ್ತರವನ್ನು ಆಟಗಾರನಿಗೆ ಬಿಟ್ಟುಕೊಟ್ಟಿತು. ಕಲ್ಪಿತಲೋಕದ ಕಲೆಯೆಂಬುದು ಇದೇ. ಕೋಟೆಕೊತ್ತಲಗಳೂ ವಂಶಾವಳಿಗಳೂ ಬಿಂಬವನ್ನು ಆವರಿಸಿದ ಕಲ್ಲುಗಳು.

ಇಲ್ಲಿ ಕಠಿನವಾದ ಒಂದು ಪ್ರಶ್ನೆ ಏಳುವುದು. ಹಳೆಯ ಲೋಕದಲ್ಲಿ ಅಧರ್ಮವೂ ಸೇರಿದ್ದರೆ ಅದನ್ನು ಏನು ಮಾಡಬೇಕು? ಎರಡು ಬಗೆಯ ಅಧರ್ಮಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯಕ. ಅಥಾಸಿನ ದಾಸ್ಯ ಆಟಗಾರನ ಎದುರಿಗೆ ನಿಂತ ಅಧರ್ಮ. ಅವನು ಅದನ್ನು ಕಂಡು ಸಹಿಸಬಹುದು, ಎದುರಿಸಬಹುದು, ಅದಕ್ಕೆ ಹೊಣೆಯಾಗಬಹುದು. ಅದನ್ನು ಅಳಿಸಿದರೆ ಪ್ರಶ್ನೆಯೇ ಅಳಿಯುವುದು. ಇನ್ನೊಂದು, ಗ್ರಂಥಕರ್ತನ ಮಾತಿನಲ್ಲಿಯೇ ಹುದುಗಿರುವ ಅಧರ್ಮ. 1989ರ ‘ಸ್ಪೆಲ್‌ಜಾಮರ್’ ಎಂಬ ಲೋಕವನ್ನು 2022ರಲ್ಲಿ ಪುನಃ ಪ್ರಕಟಿಸಿದಾಗ, ವಾನರಸದೃಶವಾದ ಒಂದು ಕುಲಕ್ಕೆ ಹೊಸ ಉತ್ಪತ್ತಿಕಥೆ ಬರೆಯಲಾಗಿತ್ತು. ಮಾಂತ್ರಿಕನೊಬ್ಬನು ಅವರನ್ನು ಸೆರೆಹಿಡಿದು ಬುದ್ಧಿ ಕೊಟ್ಟು ಮಾರುವುದಕ್ಕೆ ಸಿದ್ಧಪಡಿಸಿದನು. ಅವನ ಶಿಷ್ಯರು ಅವರನ್ನು ಬಿಡಿಸಿದರು. ಬುದ್ಧಿಯೂ ಪರರ ದಾನ, ಬಿಡುಗಡೆಯೂ ಪರರ ದಾನ. ಆಫ್ರಿಕದ ಜನರನ್ನು ಕಪಿಗಳೆಂದು ಹೀಗಳೆದು ಮಾರಿದ ಚರಿತ್ರೆಯ ನೆರಳು ಇದರಲ್ಲಿ ಓದುಗರಿಗೆ ಕಂಡಿತು. ಪ್ರಕಾಶಕರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ಷಮೆ ಕೇಳಿ ಆ ಭಾಗವನ್ನು ತೆಗೆದುಹಾಕಿದರು. ಇಂಥ ಅಧರ್ಮವನ್ನು ಆಟಗಾರನು ಎದುರಿಸಲಾರನು. ಅವನು ಕುಳಿತ ಮಣೆಯೇ ಅದರಿಂದ ಮಾಡಿದುದಾಗಿರುವುದು.

ಕನ್ನಡದಲ್ಲಿ ಈ ವಾದ 1944ರಷ್ಟು ಹಿಂದೆಯೇ ನಡೆದಿದೆ. ಕುವೆಂಪು ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕನ ಕಥೆಯನ್ನು ಮಾರ್ಪಡಿಸಿದರು. ರಾಮನ ಅಸ್ತ್ರ ತಪಸ್ವಿಯನ್ನು ಕೊಲ್ಲದೆ, ಅವನನ್ನು ದೂಷಿಸಿದ ಬ್ರಾಹ್ಮಣನನ್ನೇ ಅಟ್ಟಿತು. ಬ್ರಾಹ್ಮಣನಿಗೆ ಅರಿವು ಮೂಡಿತು. ಹಳೆಯ ಕಥೆಯನ್ನು ಹೀಗೆ ತಿರುಗಿಸುವುದು ಯುಕ್ತವಲ್ಲವೆಂದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆಕ್ಷೇಪಿಸಿದರು. ಆ ಆಕ್ಷೇಪವನ್ನು ಲಘುವಾಗಿ ತಳ್ಳುವಂತಿಲ್ಲ. ಪರಂಪರೆಯೆಂಬುದು ಒಬ್ಬನ ಸ್ವತ್ತಲ್ಲ. ಮೃತರಿಗೂ ಅದರಲ್ಲಿ ಪಾಲುಂಟು. ಮನಬಂದಂತೆ ಬದಲಿಸುವವನು ಹೊಸ ಕಥೆಯನ್ನೇ ಏಕೆ ಬರೆಯಬಾರದು? ಇದಕ್ಕೆ ಸಮಾಧಾನವೇನೆಂದರೆ: ಹಳೆಯ ಲೋಕದೊಳಗೆ ಹುಟ್ಟಿದ ನೋವಿಗೆ ಪರಿಹಾರವನ್ನು ಅದರ ಹೊರಗೆ ಕೊಡಲು ಬಾರದು. ಶಂಬೂಕನ ಪ್ರಶ್ನೆಯನ್ನು ಶಂಬೂಕನ ಹೆಸರಿನಿಂದಲೇ ಕೇಳಬೇಕು. ಕುವೆಂಪು ರಾಮನನ್ನು ಬಿಡಲಿಲ್ಲ, ಅಸ್ತ್ರವನ್ನು ಬಿಡಲಿಲ್ಲ, ತಪಸ್ಸನ್ನು ಬಿಡಲಿಲ್ಲ. ಧರ್ಮವು ಯಾರ ಪಕ್ಷದಲ್ಲಿದೆಯೆಂಬ ಪ್ರಶ್ನೆಯನ್ನು ಇನ್ನಷ್ಟು ಹರಿತಗೊಳಿಸಿದರು. ಆದಕಾರಣ ಅದು ಪರಂಪರೆಯ ಭಂಗವಲ್ಲ, ಅದರೊಳಗಿನ ವ್ಯವಹಾರ.

ಆದರೆ ಅಧಿಕಾರಕ್ಕೆ ಸಮನಾದ ಹೊಣೆಯೂ ಉಂಟು. ಬದಲಿಸುವವನು ತಾನು ಬದಲಿಸಿದ್ದೇನೆಂದು ಒಪ್ಪಿಕೊಂಡು, ಕಾರಣವನ್ನು ಹೇಳಲು ಸಿದ್ಧನಿರಬೇಕು. ಮೂಲವನ್ನು ಬಚ್ಚಿಟ್ಟು, ಲೋಕ ಮೊದಲಿನಿಂದಲೂ ಹೀಗೆಯೇ ಇತ್ತೆಂದು ನಟಿಸುವುದು ತಿದ್ದುಪಡಿಯಲ್ಲ, ವಂಚನೆ. ಹಿಂದಿನವರು ಎಡವಿದರೆಂಬುದನ್ನು ಮುಂದಿನವರು ತಿಳಿಯುವ ದಾರಿಯೂ ಅದರಿಂದ ಮುಚ್ಚಿಹೋಗುವುದು.

ಮನೆಯ ಮಕ್ಕಳು ಇಂಥದೊಂದು ಗ್ರಂಥವನ್ನು ಮೇಜಿನ ಮೇಲೆ ಹರಡಿದಾಗ ಹಿರಿಯರು ಕೇಳತಕ್ಕ ಪ್ರಶ್ನೆ ಅದರ ಚಿತ್ರಗಳು ಅಂದವಾಗಿವೆಯೇ, ಹಳೆಯದಕ್ಕೆ ಹೋಲುವುದೇ ಎಂಬುದಲ್ಲ. ಈ ಲೋಕದಲ್ಲಿ ನಿನಗೆ ಮಾಡುವುದಕ್ಕೆ ಏನು ಉಳಿದಿದೆ, ಮಾಡಿದುದರ ಹೊಣೆ ಯಾರದು ಎಂದು ಕೇಳಬೇಕು. ಹುಡುಗನು ತಡವರಿಸದೆ ಉತ್ತರಿಸಿದರೆ ಆ ಲೋಕ ಸತ್ತಿಲ್ಲ. ಉತ್ತರವನ್ನು ಆಲಿಸುವುದಕ್ಕೆ ಹಿರಿಯರೂ ಒಂದು ಗಳಿಗೆ ಆ ಮೇಜಿನ ಬಳಿ ಕುಳಿತರೆ ತಪ್ಪಿಲ್ಲ. ತಾಳಮದ್ದಳೆಗೆ ರಾತ್ರಿಯೆಲ್ಲ ಕೂತವರ ಮನೆತನಕ್ಕೆ ಅದು ಹೊಸ ಅಭ್ಯಾಸವೇನೂ ಅಲ್ಲ.