ಒಂದು ಚಾಪೆಯಷ್ಟು ಜಾಗ

ಮನುಷ್ಯನಿಗೆ ಬದುಕಲು ಎಷ್ಟು ಜಾಗ ಬೇಕು ಎಂಬುದು ಬಹಳ ಹಳೆಯ ಪ್ರಶ್ನೆ. ನೀತಿಯನ್ನು ಬೋಧಿಸಿದವರೆಲ್ಲರೂ ಇದನ್ನು ಒಂದಲ್ಲ ಒಂದು ರೀತಿಯಲ್ಲಿ ಕೇಳಿದ್ದಾರೆ. ಅವರು ಕೊಟ್ಟ ಉತ್ತರವೂ ಬಹುಮಟ್ಟಿಗೆ ಒಂದೇ: ನಾವು ಎಣಿಸಿರುವುದಕ್ಕಿಂತ ಎಷ್ಟೋ ಕಡಿಮೆ ಸಾಕು. ಮೂವತ್ತು ವರ್ಷಗಳ ಕಾಲ ಉಪಾಧ್ಯಾಯನಾಗಿದ್ದ ನಾನೂ ಈ ಉತ್ತರವನ್ನು ತರಗತಿಗಳಲ್ಲಿ ಉತ್ಸಾಹದಿಂದ ಹೇಳಿದವನೇ. ಆದರೆ ಆ ಉತ್ತರದ ಬೆನ್ನಿಗೇ ಇನ್ನೊಂದು ಪ್ರಶ್ನೆ ನಿಂತಿದೆ ಎಂಬುದು ನನಗೆ ಅರಿವಾದದ್ದು ಜಪಾನಿನ ಒಂದು ಅಗ್ಗದ ವಸತಿಗೃಹದಲ್ಲಿ ಕಳೆದ ರಾತ್ರಿಯಿಂದ. 'ಕಡಿಮೆ ಸಾಕು' ಎಂಬ ಮಾತನ್ನು ಯಾರು, ಯಾರನ್ನು ಕುರಿತು ಹೇಳಬಹುದು? ಇದೇ ಆ ಎರಡನೆಯ ಪ್ರಶ್ನೆ.

2019ರ ನವೆಂಬರ್ ತಿಂಗಳಿನಲ್ಲಿ ಯೊಕೊಹಾಮಾ ನಗರದಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಒಂದು ದಿನ ಟೋಕಿಯೋದ ಉಯೆನೊ ಭಾಗದಲ್ಲಿರುವ ವಸ್ತುಸಂಗ್ರಹಾಲಯಗಳನ್ನು ನೋಡಿ, ಪರಿಚಿತರೊಬ್ಬರ ಮನೆಯಲ್ಲಿ ಊಟ ಮುಗಿಸಿ ಹೊರಡುವಾಗ ತಡವಾಯಿತು. ಅಲ್ಲಿಯ ರೈಲುಗಳು ಮಧ್ಯರಾತ್ರಿಯ ಸುಮಾರಿಗೆ ನಿಂತರೆ ಮತ್ತೆ ಹೊರಡುವುದು ಬೆಳಗಿನ ಐದರ ಹೊತ್ತಿಗೆ. ಕೊನೆಯ ರೈಲು ನನಗೆ ತಪ್ಪಿತು. ಮಗನಿಗೆ ಫೋನು ಮಾಡಿದಾಗ, "ಟ್ಯಾಕ್ಸಿ ಬಹಳ ತುಟ್ಟಿ ಆಗ್ತದ ಅಪ್ಪಾ. ಸ್ಟೇಶನ್ ಹತ್ರನ ಕ್ಯಾಪ್ಸೂಲ್ ಹೋಟೆಲ್ ಇರ್ತಾವ, ಇವತ್ತೊಂದು ರಾತ್ರಿ ಅಲ್ಲೇ ಮಲಗ್ರಿ" ಎಂದ. ಸುಮಾರು ಮೂರು ಸಾವಿರ ಯೆನ್ ಕೊಟ್ಟು ಅಂತಹುದೊಂದು ಹೋಟೆಲಿನ ಒಳಹೊಕ್ಕೆ.

ಬಾಗಿಲಲ್ಲಿಯೇ ಪಾದರಕ್ಷೆಗಳನ್ನು ಕಳಚಿ ಚಿಕ್ಕ ಪೆಟ್ಟಿಗೆಯಲ್ಲಿಟ್ಟು ಅದರ ಕೀಲಿಯನ್ನು ಗುಮಾಸ್ತನಿಗೆ ಒಪ್ಪಿಸಬೇಕು. ಅದಕ್ಕೆ ಬದಲಾಗಿ ಅವನು ಇನ್ನೊಂದು ಕೀಲಿ ಕೊಡುತ್ತಾನೆ. ಅದು ಬಟ್ಟೆ, ಚೀಲಗಳನ್ನಿಡುವ ಕಿರಿದಾದ ಕಪಾಟಿನದು. ಅಲ್ಲಿ ನಮ್ಮ ಉಡುಪನ್ನು ತೆಗೆದಿಟ್ಟು, ಅವರೇ ಕೊಡುವ ಒಂದೇ ಬಗೆಯ ರಾತ್ರಿಯ ಉಡುಪನ್ನು ತೊಡಬೇಕು. ಸ್ನಾನಕ್ಕೆ ಎಲ್ಲರಿಗೂ ಸೇರಿದ ದೊಡ್ಡ ಬಿಸಿನೀರಿನ ಕೊಳವಿದೆ. ಆದರೆ ಮೊದಲು ಬದಿಯಲ್ಲಿ ಕುಳಿತು ಮೈಯನ್ನು ಚೆನ್ನಾಗಿ ತೊಳೆದುಕೊಂಡ ಮೇಲೆಯೇ ಅದರಲ್ಲಿ ಇಳಿಯಬೇಕು. ಕೊಳದ ನೀರು ಮುಂದೆ ಬರುವವನಿಗೂ ಸೇರಿದ್ದೆಂಬುದು ಇದರ ತಾತ್ಪರ್ಯ. ಹೀಗೆ ಅರ್ಧ ಗಂಟೆಯೊಳಗೆ ಯಜಮಾನನೂ ನೌಕರನೂ, ಸ್ಥಳೀಯನೂ ಪರದೇಶಿಯೂ ಹೊರನೋಟಕ್ಕೆ ಒಂದೇ ಆಗಿಬಿಡುತ್ತಾರೆ.

ಮೇಲಿನ ಅಂತಸ್ತಿನಲ್ಲಿ ಉದ್ದನೆಯ ಓಣಿ. ಅದರ ಎರಡು ಬದಿಗಳಲ್ಲಿ, ಒಂದರ ಮೇಲೊಂದರಂತೆ ಎರಡು ಸಾಲು ಗೂಡುಗಳು. ಪ್ರತಿಯೊಂದೂ ಸುಮಾರು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರ. ಒಳಗೆ ತೆಳುವಾದ ಹಾಸಿಗೆ, ದಿಂಬು, ಚಿಕ್ಕ ದೀಪ, ಗಾಳಿ ಬರುವ ಕಿಂಡಿ. ಕುಳಿತುಕೊಳ್ಳಬಹುದು, ನಿಲ್ಲಲಾಗದು. ಏಣಿ ಹತ್ತಿ ಒಳಗೆ ತೆವಳಿ ಮಲಗಿದಾಗ, ಪುಸ್ತಕದ ಕಪಾಟಿನಲ್ಲಿ ಸೇರಿಸಿಟ್ಟ ಪುಸ್ತಕದಂತೆ ನನಗೆ ನಾನೇ ತೋರಿದೆ.

ಇಂತಹ ಮೊದಲ ಹೋಟೆಲು ಆರಂಭವಾದದ್ದು 1979ರಲ್ಲಿ, ಒಸಾಕಾ ನಗರದ ಉಮೇದಾ ಭಾಗದಲ್ಲಿ. ಅದನ್ನು ರೂಪಿಸಿದವನು ಕಿಶೊ ಕುರೊಕಾವಾ ಎಂಬ ಪ್ರಖ್ಯಾತ ವಾಸ್ತುಶಿಲ್ಪಿ. ಅದಕ್ಕೂ ಮುನ್ನ, 1972ರಲ್ಲಿ, ಅವನು ಟೋಕಿಯೋದ ಗಿನ್ಜಾ ಪ್ರದೇಶದಲ್ಲಿ ನೂರನಲವತ್ತು ಗೂಡುಗಳನ್ನು ಜೋಡಿಸಿದ ನಾಕಾಗಿನ್ ಗೋಪುರವನ್ನು ಕಟ್ಟಿದ್ದನು. ಹಳತಾದ ಗೂಡನ್ನು ಕಳಚಿ ಹೊಸದನ್ನು ಇಡುತ್ತ ಹೋಗಬೇಕೆಂಬುದು ಅವನ ಯೋಜನೆ. ಒಂದು ಗೂಡನ್ನೂ ಹಾಗೆ ಬದಲಾಯಿಸಲಾಗಲಿಲ್ಲ. 2022ರಲ್ಲಿ ಆ ಗೋಪುರವನ್ನೇ ಕಳಚಿ ಹಾಕಿದರು. ಆದರೆ ಅದಕ್ಕಿಂತ ಎಷ್ಟೋ ಚಿಕ್ಕದಾದ, ಕೇವಲ ಮಲಗುವುದಕ್ಕೆಂದು ಮಾಡಿದ ಗೂಡು ಜಪಾನಿನ ನಗರಗಳಲ್ಲೆಲ್ಲ ಹರಡಿತು. ರಾತ್ರಿ ಬಹಳ ಹೊತ್ತು ದುಡಿದು, ಇಲ್ಲವೆ ಕುಡಿದು, ಕೊನೆಯ ರೈಲನ್ನು ತಪ್ಪಿಸಿಕೊಳ್ಳುವ ಕಚೇರಿಯ ನೌಕರರೇ ಅದರ ಮುಖ್ಯ ಗಿರಾಕಿಗಳಾಗಿದ್ದರು.

ಗೂಡಿಗೆ ಬಾಗಿಲಿಲ್ಲ, ಬೀಗವಿಲ್ಲ; ಕೆಳಗೆ ಎಳೆದುಕೊಳ್ಳುವ ಒಂದು ಪರದೆ ಮಾತ್ರ. ಆ ಪರದೆಯ ಆಚೆ ಹತ್ತಾರು ಅಪರಿಚಿತರು. ಮೊದಲು ನನಗೆ ಅಂಜಿಕೆಯಾಯಿತು. ಅನಂತರ ಗಮನಿಸಿದೆ: ಏಣಿ ಹತ್ತುವವರು ಕಾಲಿನ ಸಪ್ಪಳವಾಗದಂತೆ ಹತ್ತುತ್ತಿದ್ದರು. ಕೆಮ್ಮು ಬಂದವನು ದಿಂಬಿಗೆ ಬಾಯಿ ಒತ್ತಿ ಕೆಮ್ಮುತ್ತಿದ್ದನು. ಯಾರದೋ ಫೋನು ಒಂದು ಸಲ ಗುಂಯ್ಗುಟ್ಟಿದ್ದೇ ತಡ, ಅದರ ಒಡೆಯನು ಓಣಿಯಿಂದ ಹೊರಗೆ ಓಡಿದನು. ಇಲ್ಲಿ ಪ್ರತಿಯೊಬ್ಬನ ನಿದ್ರೆಯೂ ಉಳಿದವರೆಲ್ಲರ ಸಂಯಮದ ಮೇಲೆ ನಿಂತಿದೆ. ಗೋಡೆ ದಪ್ಪವಾದಷ್ಟೂ ನೆರೆಯವನ ನೆನಪು ತೆಳುವಾಗುತ್ತದೆ. ಗೋಡೆ ತೆಳುವಾದಲ್ಲಿ ಅವನನ್ನು ನೆನೆಯಲೇಬೇಕಾಗುತ್ತದೆ. ಈ ವಿಚಾರ ನನಗೆ ಬಹಳ ಹಿಡಿಸಿತು.

ಎದ್ದರೆ ಅರ್ಧ ಚಾಪೆ, ಮಲಗಿದರೆ ಒಂದು ಚಾಪೆ ಸಾಕು ಎಂಬ ಅರ್ಥದ ಗಾದೆಯೊಂದು ಜಪಾನೀಯರಲ್ಲಿದೆ. ಅವರ ಟಾಟಾಮಿ ಚಾಪೆಯ ಅಳತೆಯೂ ನಾನು ಮಲಗಿದ್ದ ಗೂಡಿನ ಅಳತೆಯೂ ಹೆಚ್ಚುಕಡಿಮೆ ಒಂದೇ. ಆ ದೇಶದ ಕಾಮೊ ನೊ ಚೋಮೆಯ್ ಎಂಬ ಕವಿಯ ನೆನಪೂ ಬಂದಿತು. ಕ್ಯೋಟೋ ನಗರದ ಬೆಂಕಿ, ಕ್ಷಾಮ, ಭೂಕಂಪಗಳನ್ನು ಕಣ್ಣಾರೆ ಕಂಡು ವಿರಕ್ತನಾದ ಅವನು ಗುಡ್ಡದ ಮೇಲೆ ಹತ್ತಡಿ ಚೌಕದ ಗುಡಿಸಲು ಕಟ್ಟಿಕೊಂಡನು. ಬೇಡವೆನಿಸಿದಾಗ ಕಳಚಿ ಎರಡು ಬಂಡಿಗಳಲ್ಲಿ ಹೇರಿಕೊಂಡು ಹೋಗುವಂತಹ ಮನೆ ಅದು. ಆ ಬಾಳನ್ನು ಕುರಿತು 1212ರಲ್ಲಿ ಅವನು ಬರೆದ 'ಹೋಜೋಕಿ' ಇಂದಿಗೂ ಓದಲ್ಪಡುತ್ತಿದೆ. ನಾನೂ ಅವನಂತೆಯೇ ಅಲ್ಪದಲ್ಲಿ ತೃಪ್ತನಾಗಿ ಮಲಗಿದ್ದೇನೆಂದು ಒಳಗೊಳಗೇ ಹಿಗ್ಗುತ್ತ ನಿದ್ದೆಹೋದೆ.

ಬೆಳಿಗ್ಗೆ ಮುಖ ತೊಳೆಯುವಲ್ಲಿ ಪಕ್ಕದಲ್ಲಿದ್ದವನು ಐವತ್ತರ ಆಸುಪಾಸಿನವನು. ಅವನ ಕಪಾಟು ತೆರೆದಿತ್ತು. ಮಡಿಸಿದ ಅಂಗಿಗಳು, ಔಷಧಿಯ ಪೊಟ್ಟಣಗಳು, ಚಳಿಗಾಲದ ಕೋಟು, ಒಂದು ಹಳೆಯ ಭಾವಚಿತ್ರ. ಪ್ರವಾಸಿಯ ಸಾಮಾನಲ್ಲ, ಸಂಸಾರದ ಸಾಮಾನು. ತಡವರಿಸುವ ಇಂಗ್ಲಿಷಿನಲ್ಲಿ ಅವನು ಹೇಳಿದ್ದಿಷ್ಟು: ಗುತ್ತಿಗೆಯ ಮೇಲೆ ಕಾರ್ಖಾನೆಯಲ್ಲಿದ್ದನು, ಕೆಲಸ ಹೋದಾಗ ಕೆಲಸದ ಜೊತೆಗೆ ಕೊಟ್ಟಿದ್ದ ಕೋಣೆಯೂ ಹೋಯಿತು. ಬಾಡಿಗೆಯ ಮನೆ ಹಿಡಿಯಲು ಮುಂಗಡ ಹಣವೂ ಬೇಕು, ಜಾಮೀನುದಾರನೂ ಬೇಕು, ಎರಡೂ ಅವನಿಗಿರಲಿಲ್ಲ. ಇಲ್ಲಿ ಅದು ಅವನ ನಾಲ್ಕನೆಯ ತಿಂಗಳು. ಪ್ರತಿದಿನ ಹತ್ತು ಗಂಟೆಗೆ ಗೂಡನ್ನು ತೆರವು ಮಾಡಿ ಸಂಜೆಯವರೆಗೆ ಹೊರಗೆ ಅಲೆಯಬೇಕು. ತಾವೆಷ್ಟು ದಿನ ಇರುವಿರಿ ಎಂದು ಕೇಳಿದನು. ಒಂದೇ ರಾತ್ರಿ ಎಂದೆ. "ಒಂದು ರಾತ್ರಿಯಾದರೆ ಚೆನ್ನಾಗಿರುತ್ತದೆ" ಎಂದು ತಲೆಬಾಗಿ ಹೊರಟುಹೋದನು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ; ಅದರಿಂದಲೇ ಅದು ಹೆಚ್ಚು ನಾಟಿತು.

ಅವನೊಬ್ಬನೇ ಅಲ್ಲ. 2008ರ ಆರ್ಥಿಕ ಕುಸಿತದ ಕಾಲದಲ್ಲಿ ಜಪಾನಿನಲ್ಲಿ ಅಸಂಖ್ಯ ಗುತ್ತಿಗೆ ಕಾರ್ಮಿಕರು ಹೀಗೆಯೇ ಕೆಲಸವನ್ನೂ ಸೂರನ್ನೂ ಒಟ್ಟಿಗೆ ಕಳೆದುಕೊಂಡರು. ಆ ವರ್ಷದ ಕೊನೆಯ ದಿನದಿಂದ ಕೆಲವು ದಿನ ಟೋಕಿಯೋದ ಹಿಬಿಯಾ ಉದ್ಯಾನದಲ್ಲಿ ಸೇವಾಕರ್ತರು ಡೇರೆ ಹಾಕಿ ಗಂಜಿ ಕೊಟ್ಟಾಗ ಸುಮಾರು ಐನೂರು ಜನ ಅಲ್ಲಿಗೆ ಬಂದರು. 2018ರಲ್ಲಿ ಟೋಕಿಯೋ ಆಡಳಿತವು ಪ್ರಕಟಿಸಿದ ಅಂದಾಜಿನಂತೆ, ಮನೆಯಿಲ್ಲದೆ ರಾತ್ರಿಯಿಡೀ ತೆರೆದಿರುವ ಇಂಟರ್ನೆಟ್ ಅಂಗಡಿಗಳಲ್ಲಿ ಮಲಗುವವರೇ ಆ ನಗರದಲ್ಲಿ ದಿನಕ್ಕೆ ಸುಮಾರು ನಾಲ್ಕು ಸಾವಿರ. ರೈಲು ತಪ್ಪಿದವರಿಗೆಂದು ಹುಟ್ಟಿದ ಗೂಡು ಬದುಕಿನ ದಾರಿಯೇ ತಪ್ಪಿದವರ ಮನೆಯೂ ಆಗಿದೆ.

ಈಗ ವಿಚಾರ ಮಾಡೋಣ. ಅದೇ ಗೂಡು, ಅದೇ ಹಾಸಿಗೆ. ನನಗೆ ಅದು ಸಂಯಮದ ಪಾಠವೆನಿಸಿತು, ಅವನಿಗೆ ಅದು ಕೊರತೆಯ ಕೊನೆಯ ಮೆಟ್ಟಿಲು. ಅಂತರವಿರುವುದು ಅಳತೆಯಲ್ಲಲ್ಲ, ಹೊರಗೆ ಹೋಗುವ ದಾರಿ ಯಾರಿಗಿದೆ ಎಂಬುದರಲ್ಲಿದೆ. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವುದನ್ನು ನಾವು ವ್ರತವೆನ್ನುತ್ತೇವೆ. 'ಹಾಕಿಕೊಳ್ಳುವುದು' ಎಂಬ ಕ್ರಿಯಾಪದದಲ್ಲಿಯೇ ಅದರ ಸಾರವಿದೆ. ಇರುವವನು ತಾನಾಗಿ ಬಿಟ್ಟರೆ ಅದು ತ್ಯಾಗ. ಇಲ್ಲದವನಿಗೆ ಇನ್ನೊಬ್ಬರು ಹಾಕಿದ ಮಿತಿ ವ್ರತವಲ್ಲ, ಬರಿಯ ಬಡತನ. ಅದನ್ನು ಸರಳಜೀವನವೆಂದು ಹೊಗಳುವವನು ಅವನಿಗೆ ಎರಡನೆಯ ಸಲ ಅನ್ಯಾಯ ಮಾಡುತ್ತಾನೆ. ನನ್ನ ಒಂದು ರಾತ್ರಿಯ ಅಲ್ಪತೃಪ್ತಿಯಂತೂ ತ್ಯಾಗವೂ ಆಗಿರಲಿಲ್ಲ, ಬಡತನವೂ ಆಗಿರಲಿಲ್ಲ, ಅದು ವಿನೋದ. ಚೋಮೆಯ್ ಕವಿಯು ತನ್ನ ಗ್ರಂಥದ ಕೊನೆಯಲ್ಲಿ, ಈ ಚಿಕ್ಕ ಗುಡಿಸಲಿನ ಮೇಲಿನ ಪ್ರೀತಿಯೂ ಒಂದು ಮೋಹವಲ್ಲವೇ ಎಂದು ತನ್ನನ್ನೇ ಪ್ರಶ್ನಿಸಿಕೊಳ್ಳುತ್ತಾನೆ. ಅವನನ್ನು ನೆನೆದು ಹಿಗ್ಗಿದ ನಾನು ಅವನ ಆ ಕೊನೆಯ ಪ್ರಶ್ನೆಯನ್ನು ಮಾತ್ರ ಮರೆತಿದ್ದೆ.

ಬೀದಿಗಿಂತ ಗೂಡು ಮೇಲಲ್ಲವೇ ಎಂದು ಓದುಗರು ಕೇಳಬಹುದು. ನಿಶ್ಚಯವಾಗಿಯೂ ಮೇಲು. ನೆಲೆಯಿಲ್ಲದವನಿಗೆ ಶುಚಿಯಾದ ಹಾಸಿಗೆಯನ್ನೂ ಬಿಸಿನೀರನ್ನೂ ಕಡಿಮೆ ಹಣಕ್ಕೆ ಕೊಡುವ ಆ ಹೋಟೆಲನ್ನು ನಾನು ದೂರುವುದಿಲ್ಲ. ದೂರಬೇಕಾದದ್ದು ಅದನ್ನು ನೋಡಿ 'ಇವರಿಗೆ ಇಷ್ಟೇ ಸಾಕು' ಎಂದು ನಿಶ್ಚಿಂತವಾಗುವ ನಮ್ಮ ಮನಸ್ಸನ್ನು.

ಈ ಮಾತನ್ನು ಬರೆಯಲು ನನಗೆ ಕಾರಣವಿದೆ. ಬೆಳಗಾವಿಯಲ್ಲಿರುವ ನನ್ನ ಮನೆಯಲ್ಲಿ ಆರು ಕೋಣೆಗಳಿವೆ. ಇರುವವರು ನಾವಿಬ್ಬರು ಮುದುಕರು. ಮೆಟ್ಟಿಲಿನ ಕೆಳಗಿನ ಇಕ್ಕಟ್ಟಾದ ಕೋಣೆಯಲ್ಲಿ ಮನೆಗೆಲಸದ ದಂಪತಿಗಳು ತಮ್ಮ ಎರಡು ಮಕ್ಕಳೊಡನೆ ಒಂಬತ್ತು ವರ್ಷ ಕಳೆದಿದ್ದರು. ಅತಿಥಿಗಳು ಬಂದಾಗ, "ಇವರನ್ನು ನೋಡಿ ಕಲಿಯಬೇಕು, ಎಷ್ಟು ಅಲ್ಪದಲ್ಲಿ ಸುಖವಾಗಿದ್ದಾರೆ" ಎಂದು ನಾನು ಹೇಳುತ್ತಿದ್ದುದುಂಟು. ಆ ಬೆಳಗಿನ ರೈಲಿನಲ್ಲಿ ಕುಳಿತು ಯೊಕೊಹಾಮಾಕ್ಕೆ ಬರುವಾಗ ನನ್ನ ಕಿವಿಯಲ್ಲಿ ಮೊಳಗುತ್ತಿದ್ದುದು ಈ ನನ್ನದೇ ಮಾತು.

ಊರಿಗೆ ಮರಳಿದ ವಾರದಲ್ಲಿ ಮೇಲಿನ ಅಂತಸ್ತಿನ ಎರಡು ಕೋಣೆಗಳ ಬೀಗ ತೆಗೆದು, ಇನ್ನು ಮುಂದೆ ಅಲ್ಲಿ ಇರಬೇಕೆಂದು ಆ ತಾಯಿಗೆ ಹೇಳಿದೆವು. ಆಕೆ ಸಂತೋಷಪಡುವಳೆಂದು ಎಣಿಸಿದ್ದೆ. ಆಕೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಪಗಾರದಾಗ ಎಷ್ಟು ಹಿಡ್ಕೋತೀರ್ರೀ, ಸರ?" ಎಂದು ಕೇಳಿದಳು. ಒಂಬತ್ತು ವರ್ಷ ನಾನು ಸುಖವೆಂದು ಕರೆದದ್ದಕ್ಕೆ ಆಕೆ ಮನಸ್ಸಿನಲ್ಲಿ ಏನು ಹೆಸರಿಟ್ಟಿದ್ದಳೆಂಬುದು ಆ ಒಂದು ಪ್ರಶ್ನೆಯಿಂದ ತಿಳಿಯಿತು. ಏನೂ ಹಿಡಿಯುವುದಿಲ್ಲವೆಂದು ಹೇಳಿದ ಮೇಲೂ ನಂಬಿ ಮೇಲೆ ಹೋಗಲು ಅವರಿಗೆ ಮೂರು ದಿನ ಬೇಕಾಯಿತು.

ಕಡಿಮೆ ಸಾಕು ಎಂಬ ಮಾತು ಸತ್ಯವೇ. ಆದರೆ ಅದು ಉತ್ತಮಪುರುಷದಲ್ಲಿ ಮಾತ್ರ ಸತ್ಯ. 'ನನಗೆ ಸಾಕು' ಎಂದಾಗ ಅದು ಧರ್ಮ; 'ಅವನಿಗೆ ಸಾಕು' ಎಂದಾಗ ಅದು ಬಹಳ ಸಲ ನಮ್ಮ ಲೋಭದ ಇನ್ನೊಂದು ಹೆಸರು.