ನಾನು ಹೇಳಿದ ‘ನಹೀಂ’

ನಾಲ್ಕು ವರ್ಷಗಳ ಹಿಂದಿನ ಮಾತು. ಬೆಳಿಗ್ಗೆ ಐದೂವರೆಗೆ ವಿಠ್ಠಲವಾಡಿಯಲ್ಲಿ ಲೋಕಲ್ ಹಿಡಿದು ನಾವು ಮೂವರು ಮುಂಬಯಿಯ ಒಂದು ಆಸ್ಪತ್ರೆಗೆ ಹೋಗಿದ್ದೆವು: ಅಣ್ಣ, ದೊಡ್ಡಮ್ಮ, ನಾನು. ಅಣ್ಣನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ದೊಡ್ಡಮ್ಮ ತನ್ನದೊಂದನ್ನು ಕೊಡಲು ಊರಿಂದ ಬಂದಿದ್ದಳು. ಅವಳಿಗೆ ಹಿಂದಿ ಬಾರದು, ಡಯಾಲಿಸಿಸ್‌ನಿಂದ ಸೋತಿದ್ದ ಅಣ್ಣನಿಗೆ ಮಾತೇ ಬೇಡವಾಗಿತ್ತು. ಹಾಗಾಗಿ ನಾನೇ ದುಭಾಷಿ.

ಡಾಕ್ಟರು ಬರೆಯುತ್ತಾ ಬರೆಯುತ್ತಾ ಕೇಳಿದರು: ಗಿಡಮೂಲಿಕೆ, ನಾಟಿ ಔಷಧಿ ಏನಾದರೂ ತಗೊಂಡಿದ್ದುಂಟಾ? ನನಗೆ ಉತ್ತರ ಗೊತ್ತಿತ್ತು. ಅಣ್ಣ ಉಲ್ಹಾಸನಗರಕ್ಕೆ ಬಂದ ಮೇಲೂ ವರ್ಷವರ್ಷ ಊರಿನ ಬಸ್ಸಿನಲ್ಲಿ ಒಂದು ಕಟ್ಟು ಈಶ್ವರಿ ಬೇರು ಬರುತ್ತಿತ್ತು. ಹೊಟ್ಟೆನೋವಿಗೆ, ಜ್ವರಕ್ಕೆ, ಕೊನೆಗೆ ಏನೂ ಇಲ್ಲದಿದ್ದರೂ ‘ರಕ್ತಶುದ್ಧಿಗೆ’ ಅವನು ಅದರ ಕಷಾಯ ಕುಡಿಯುತ್ತಿದ್ದ. ಕಳಿಸುತ್ತಿದ್ದವಳು ಪಕ್ಕದಲ್ಲೇ ಕೂತಿದ್ದಳು. ನಾನು ಆ ಪ್ರಶ್ನೆಯನ್ನು ಅವಳಿಗೆ ಕನ್ನಡದಲ್ಲಿ ಕೇಳಲೇ ಇಲ್ಲ. ‘ನಹೀಂ, ಡಾಕ್ಟರ್ ಸಾಬ್’ ಅಂದೆ.

ಕಸಿ ಆಯಿತು. ಅಣ್ಣ ಮತ್ತೆ ಜೀನ್ಸ್ ಕಾರ್ಖಾನೆಯ ಲೆಕ್ಕ ಬರೆಯತೊಡಗಿದ. ನನ್ನ ‘ನಹೀಂ’ಯನ್ನು ನಾನೂ ಮರೆತೆ. ಆಮೇಲೊಮ್ಮೆ ಆ ಬಳ್ಳಿಯ ಬಗ್ಗೆ ಓದುವಾಗ ಗೊತ್ತಾಯಿತು, ಅದರ ಕುಲಕ್ಕೆ ಅರಿಸ್ಟೊಲೊಕಿಯಾ ಎಂದು ಹೆಸರು. ನಮ್ಮ ಘಟ್ಟದ ದೊಡ್ಡ ಚಿಟ್ಟೆ, ಕರ್ನಾಟಕದ ರಾಜ್ಯ ಚಿಟ್ಟೆ ಎನಿಸಿಕೊಂಡ ಸದರ್ನ್ ಬರ್ಡ್‌ವಿಂಗ್‌ನ ಹುಳು ತಿನ್ನುವುದು ಈ ಕುಲದ ಎಲೆಗಳನ್ನೇ. ಎಲೆಯ ವಿಷವನ್ನು ಮೈಯಲ್ಲಿ ಇಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತದೆ. ಮನುಷ್ಯನ ಮೈಗೆ ಆ ಉಪಾಯ ಗೊತ್ತಿಲ್ಲ. ಅರಿಸ್ಟೊಲೊಕಿಕ್ ಆಮ್ಲ ಮೂತ್ರಪಿಂಡವನ್ನು ಒಣಗಿಸುತ್ತದೆ, ಮೂತ್ರನಾಳದ ಒಳಪದರದ ಜೀವಕೋಶಗಳ ಡಿಎನ್‌ಎಗೆ ಅಂಟಿಕೊಳ್ಳುತ್ತದೆ, ವರ್ಷಗಳ ಮೇಲೆ ಅಲ್ಲಿ ಕ್ಯಾನ್ಸರ್ ಹುಟ್ಟಿಸಬಲ್ಲದು.

ಇದು ಜಗತ್ತಿಗೆ ಸರಿಯಾಗಿ ಗೊತ್ತಾದದ್ದು ಬ್ರಸೆಲ್ಸ್‌ನಿಂದ. ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ತೆಳ್ಳಗಾಗಲು ಚೀನಾ ಮೂಲಿಕೆಯ ಮಾತ್ರೆ ನುಂಗಿದ ಹೆಂಗಸರ ಕಿಡ್ನಿ ಒಂದರ ಹಿಂದೊಂದು ಕೆಟ್ಟವು. 1993ರಲ್ಲಿ ವೈದ್ಯರು ವರದಿ ಮಾಡಿದರು. ಒಂದು ಬೇರಿನ ಬದಲು ಹೆಚ್ಚುಕಡಿಮೆ ಅದೇ ಹೆಸರಿನ ಅರಿಸ್ಟೊಲೊಕಿಯಾ ಬೇರು ಸೇರಿಹೋಗಿತ್ತು. ಕೊನೆಯ ಹಂತ ತಲುಪಿದವರಲ್ಲಿ 39 ಮಂದಿ ತಮ್ಮ ಹಳೆಯ ಕಿಡ್ನಿ, ಮೂತ್ರನಾಳಗಳನ್ನು ಮುಂಜಾಗ್ರತೆಯಾಗಿ ತೆಗೆಸಿಕೊಳ್ಳಲು ಒಪ್ಪಿದರು. ತೆಗೆದು ನೋಡಿದರೆ 18 ಮಂದಿಯಲ್ಲಿ ಆಗಲೇ ಕ್ಯಾನ್ಸರ್ ಇತ್ತು. 2000ದಲ್ಲಿ ಅದು ಪ್ರಕಟವಾಯಿತು.

ಕಸಿಯಾದವರಿಗೆ ಈ ಸುದ್ದಿ ಏಕೆ ಮುಖ್ಯ? ಹೊಸ ಕಿಡ್ನಿಯನ್ನು ಕೆಳಹೊಟ್ಟೆಯಲ್ಲಿ ಕೂರಿಸುತ್ತಾರೆ, ಹಳೆಯವನ್ನು ಸಾಮಾನ್ಯವಾಗಿ ಅಲ್ಲೇ ಬಿಡುತ್ತಾರೆ. ವಿಷ ಉಂಡ ನಾಳಗಳು ಒಳಗೇ ಉಳಿಯುತ್ತವೆ. ಹೊಸದನ್ನು ದೇಹ ತಳ್ಳಿಹಾಕದಿರಲೆಂದು ದಿನಾ ನುಂಗುವ ಮಾತ್ರೆ, ಕೆಟ್ಟ ಜೀವಕೋಶಗಳನ್ನು ಕಾಯುವ ಕಾವಲನ್ನೂ ಸಡಿಲ ಮಾಡುತ್ತದೆ. ಬದುಕಿಸುವ ಮಾತ್ರೆಯೇ ಹಳೆಯ ವಿಷಕ್ಕೆ ಬಾಗಿಲು ತೆರೆದಂತೆ.

ತಪ್ಪು ಯಾರದು ಎಂದು ಆ ರಾತ್ರಿ ಯೋಚಿಸಿದೆ. ನಮ್ಮ ಉಲ್ಹಾಸನಗರ ಚೀಟಿಗೂ ಸರಕಿಗೂ ಸಂಬಂಧವಿಲ್ಲದ ಊರು ಎಂದು ಹೆಸರಾಗಿದೆ. ‘ಮೇಡ್ ಇನ್ ಯುಎಸ್‌ಎ’ ಅಂದರೆ ಉಲ್ಹಾಸನಗರ ಸಿಂಧಿ ಅಸೋಸಿಯೇಷನ್ ಎಂಬ ಹಳೆಯ ನಗೆಮಾತು ಇಲ್ಲಿ ಎಲ್ಲರಿಗೂ ಗೊತ್ತು. ಬ್ರಸೆಲ್ಸ್‌ನಲ್ಲಿ ಆದದ್ದು ಚೀಟಿಯ ತಪ್ಪು. ಅದಕ್ಕೆ ಹೊಣೆಗಾರರನ್ನು ಹುಡುಕಬಹುದು. ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆಯ ಹಳ್ಳಿಗಳಲ್ಲಿ ಇದೇ ಕುಲದ ಕಳೆಯ ಬೀಜ ಗೋಧಿಯಲ್ಲಿ ಬೆರೆತು, ರೊಟ್ಟಿಯ ಮೂಲಕ ತಲೆಮಾರುಗಳ ಕಿಡ್ನಿ ತಿಂದಿತು. ಅಲ್ಲಿ ಬೆರೆಸಿದವರೇ ಇಲ್ಲ. ನಮ್ಮ ಮನೆಯಲ್ಲಿ ಚೀಟಿ ತಪ್ಪಿರಲಿಲ್ಲ, ಬೆರಕೆಯೂ ಇರಲಿಲ್ಲ. ಸರಿಯಾದ ಬೇರನ್ನೇ, ಒಳ್ಳೆಯ ಮನಸ್ಸಿನಿಂದ, ಗುರುತು ಹಿಡಿದು ಅಗೆದು ಕಳಿಸಿದ್ದಳು. ಗೊತ್ತಿಲ್ಲದೆ ಕೊಟ್ಟವಳನ್ನು ಅಪರಾಧಿ ಅನ್ನಲಾರೆ. ಆ ಬೇರೇ ಅಣ್ಣನ ಕಿಡ್ನಿ ಕೆಡಿಸಿತೆಂದು ಸಾಧಿಸುವುದಕ್ಕೂ ಆಗದು. ಅವನಿಗೆ ಬಿಪಿಯೂ ಇತ್ತು.

ಹಾಗಾದರೆ ಸುಮ್ಮನಿರುವುದೇ ಕರುಣೆಯಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ. ಮಗನಿಗೆ ಅಂಗವನ್ನೇ ಕೊಡುವ ತಾಯಿಯ ಎದುರು ಈ ಮಾತೇಕೆ ಎಂದು. ಆದರೆ ನಿಜವನ್ನೇ ಹೇಳುವುದಾದರೆ, ಕಸಿ ಮುಂದೂಡುತ್ತಾರೇನೋ ಎಂಬ ಭಯವೂ ಆ ಕರುಣೆಯೊಳಗೆ ಅಡಗಿತ್ತು. ಡಾಕ್ಟರು ತಪ್ಪು ಯಾರದೆಂದು ಕೇಳಿರಲಿಲ್ಲ. ಮುಂದೆ ಏನನ್ನು ಕಾಯಬೇಕು ಎಂದು ತಿಳಿಯಲು ಕೇಳಿದ್ದರು. ನಾನು ಅದನ್ನು ಕೋರ್ಟಿನ ಪ್ರಶ್ನೆ ಮಾಡಿಕೊಂಡು, ಆರೋಪಿಯನ್ನು ಉಳಿಸಿದಂತೆ ಉತ್ತರಿಸಿದೆ. ಇನ್ನೊಂದು ಹೊಳೆದಾಗ ಮೈ ನಡುಗಿತು: ದೊಡ್ಡಮ್ಮನೂ ಅದೇ ಕಷಾಯ ಕುಡಿದಿದ್ದರೆ? ಆಗ ಅವಳು ಕೊಟ್ಟ ಕಿಡ್ನಿ, ಅವಳಲ್ಲಿ ಉಳಿದ ಒಂದೇ ಕಿಡ್ನಿ, ಎರಡರ ಮೇಲೂ ಅದೇ ನೆರಳು. ಅಂಗ ಕೊಡುವವಳ ಒಪ್ಪಿಗೆಗೆ ಕಾನೂನು ಅಷ್ಟು ಬೆಲೆ ಕೊಡುತ್ತದೆ. ಆ ಒಪ್ಪಿಗೆಗೆ ಬೇಕಾದ ಒಂದು ಪ್ರಶ್ನೆಯನ್ನು ನಾನು ಅವಳ ಕಿವಿಗೇ ಬೀಳಗೊಡಲಿಲ್ಲ. ದುಭಾಷಿಗೆ ಮಾತು ದಾಟಿಸುವ ಅಧಿಕಾರವುಂಟು, ತಡೆಯುವ ಅಧಿಕಾರವಿಲ್ಲ.

ಅಜ್ಞಾನ ಪಾಪವಲ್ಲದಿರಬಹುದು. ತಿಳಿದ ಮೇಲಿನ ಮೌನಕ್ಕೆ ಆ ರಿಯಾಯಿತಿ ಇಲ್ಲ. ಮೊದಲು ಅಣ್ಣನಿಗೆ ಹೇಳಿದೆ, ಅವನೊಂದಿಗೆ ಹೋಗಿ ಡಾಕ್ಟರಿಗೂ ಹೇಳಿದೆ. ಅವರು ಬೈಯಲಿಲ್ಲ, ಮೂತ್ರದ ಜೀವಕೋಶ ಪರೀಕ್ಷೆ, ಸ್ಕ್ಯಾನ್, ಮೂತ್ರಕೋಶಕ್ಕೆ ಕೊಳವೆ ಹಾಕಿ ನೋಡುವುದು, ಇವನ್ನು ಕಾಲಕಾಲಕ್ಕೆ ಮಾಡಿಸಬೇಕೆಂದು ಬರೆದರು. ಈವರೆಗೆ ಏನೂ ಸಿಕ್ಕಿಲ್ಲ. ಭಯ ಹೋಗಿಲ್ಲ.

ದೊಡ್ಡಮ್ಮನಿಗೆ ಹೇಳಲು ಊರಿಗೇ ಹೋದೆ. ಫೋನಿನಲ್ಲಿ ಆಗುವ ಮಾತಲ್ಲ. ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. ‘ಅವತ್ತೇ ಹೇಳಬೇಕಿತ್ತು ಮಗಾ’ ಅಂದಳು, ಅಷ್ಟೇ. ನೀವೂ ಕುಡೀತಿದ್ದಿರಾ ಎಂದು ಕೇಳಿದೆ. ‘ನಾನೆಲ್ಲಿ ಕುಡೀತೇನೆ? ಸಿಕ್ಕಿದ ಬೇರೆಲ್ಲ ಅವನಿಗೇ ಕಳಿಸ್ತಿದ್ದೆ’ ಅಂದಳು. ಆಮೇಲೆ ಎದ್ದು ಹಿತ್ತಲಿಗೆ ಹೋದಳು. ಬೇಲಿಯ ಮೇಲಿನ ಬಳ್ಳಿಯನ್ನು ಕೀಳುತ್ತಾಳೆಂದು ಅಂದುಕೊಂಡೆ. ಕೀಳಲಿಲ್ಲ. ಸುಮ್ಮನೆ ನೋಡುತ್ತಾ ನಿಂತಿದ್ದಳು.